ಲಜ್ಜೆಯಿಂದ ಬೆಳೆಯುವ ರೋಗ

ಗೌರೀಬಿದನೂರು ತಾಲ್ಲೂಕಿನ ಕುಡುಮಲಕುಂಟೆಯು ಈಗ ಕೈಗಾರಿಕಾ ಪ್ರದೇಶವೆಂದು ಹೆಸರಾಗಿರುವುದು. ಅಲ್ಲಿಯ ಕಾರ್ಮಿಕನಾಗಲಿ, ನೆರೆಯ ರೈತನಾಗಲಿ, ಮಲದೊಡನೆ ರಕ್ತ ಬಿದ್ದರೆ ಮೂಲವ್ಯಾಧಿಯೆಂದೇ ಬಗೆದು, ಮನೆಯವರಿಗೂ ಹೇಳಲು ನಾಚಿ, ತಿಂಗಳುಗಟ್ಟಲೆ ಕಾಲ ಕಳೆಯುವುದುಂಟು. ಈ ಲಜ್ಜೆಯ ವಿಷಯವಾಗಿ ಎರಡು ಮಾತು ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸುವೆವು.

ರಕ್ತಸ್ರಾವವೆಲ್ಲವೂ ಕ್ಯಾನ್ಸರ್ ಅಲ್ಲ, ನಿಜ. ಆದರೆ ಗುದನಾಳದ ಕ್ಯಾನ್ಸರಿಗೂ ಅನೇಕ ವೇಳೆ ಇದೇ ಮೊದಲ ಲಕ್ಷಣ. 1908ರಲ್ಲಿ ಲಂಡನ್ನಿನ ಡಾಕ್ಟರ್ ಮೈಲ್ಸರು ವಿವರಿಸಿದ ಕ್ರಮದಂತೆ ಗುದನಾಳವನ್ನೂ ಗುದದ್ವಾರವನ್ನೂ ಸಮೂಲವಾಗಿ ತೆಗೆದು, ಜೀವಮಾನವಿಡೀ ಹೊಟ್ಟೆಯ ಮೇಲೆ ಮಲಕ್ಕೆ ಚೀಲ ಕಟ್ಟಬೇಕಾಗುತ್ತಿದ್ದಿತು. ಪ್ರಾಣವುಳಿದರೂ ಮಾನ ಹೋಯಿತೆಂದು ರೋಗಿಯು ಕೊರಗುತ್ತಿದ್ದುದು ಆಶ್ಚರ್ಯವಲ್ಲ.

ಆ ಕಾಲ ಈಗ ಬದಲಾಗಿರುವುದು. ಗುದನಾಳವನ್ನು ಸುತ್ತಿರುವ ಕೊಬ್ಬಿನ ಕವಚವನ್ನು ಹರಿಯಗೊಡದೆ ಇಡಿಯಾಗಿ ತೆಗೆದರೆ ರೋಗ ಮರಳುವುದು ಬಹಳ ಕಡಮೆಯೆಂದು ಇಂಗ್ಲೆಂಡಿನ ಡಾಕ್ಟರ್ ಹೀಲ್ಡರು 1982ರಲ್ಲಿ ತೋರಿಸಿದರು. ಮಲವನ್ನು ತಡೆಹಿಡಿಯುವ ಎರಡು ಸ್ನಾಯುವಲಯಗಳಲ್ಲಿ ಒಳಗಿನದನ್ನು ಮಾತ್ರ ತೆಗೆದು, ಹೊರಗಿನದನ್ನು ಉಳಿಸಿ, ಕರುಳನ್ನು ಗುದದ್ವಾರಕ್ಕೆ ಜೋಡಿಸುವ ವಿಧಾನವನ್ನು ವಿಯೆನ್ನಾದ ಡಾಕ್ಟರ್ ಷೀಸೆಲ್ಲರು 1994ರಲ್ಲಿ ಪ್ರಕಟಿಸಿದರು. ಇಂದು ಹೊಟ್ಟೆಯನ್ನು ಉದ್ದಕ್ಕೆ ಸೀಳದೆ, ಸಣ್ಣ ರಂಧ್ರಗಳಿಂದ ಲ್ಯಾಪರೊಸ್ಕೋಪು ತೂರಿಸಿ ಈ ಕಾರ್ಯವನ್ನು ನೆರವೇರಿಸುವರು. ಕೆಲವರಿಗೆ ಮೊದಲು ವಿಕಿರಣ ಚಿಕಿತ್ಸೆ ಕೊಟ್ಟು ಗೆಡ್ಡೆಯನ್ನು ಕುಗ್ಗಿಸುವರು. ಚೀಲವು ಬಹುಮಂದಿಗೆ ಕೆಲವು ತಿಂಗಳ ಮಾತು ಮಾತ್ರ.

ಹಾಗೆಂದು ಅತಿಯಾದ ಆಸೆಯನ್ನು ಹುಟ್ಟಿಸುವುದು ನ್ಯಾಯವಲ್ಲ. ರೋಗವು ಹೊರಸ್ನಾಯುವನ್ನು ಹೊಕ್ಕಿದ್ದರೆ ಈ ಕ್ರಮ ಸಲ್ಲದು. ಸ್ನಾಯು ಉಳಿದರೂ ಕೆಲವರಿಗೆ ಮಲದ ಹಿಡಿತ ಮೊದಲಿನಂತಿರದು. ವೈದ್ಯರು ಇದನ್ನು ಮುಂಚೆಯೇ ತಿಳಿಸತಕ್ಕದ್ದು.

ಆದುದರಿಂದ ಎಲ್ಲವೂ ಕಾಲವನ್ನು ಅವಲಂಬಿಸಿರುವುದು. ತೀರ ಕೆಳಗಿನ ಗೆಡ್ಡೆಯು ಸಾಮಾನ್ಯವಾಗಿ ವೈದ್ಯರ ಬೆರಳಿಗೇ ಸಿಕ್ಕುವುದು. ಅದಕ್ಕೆ ಯಂತ್ರವೂ ಬೇಡ, ಹಣವೂ ಬೇಡ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಿದೆ. ಬಡ ಕುಟುಂಬಗಳಿಗೆ 2018ರಿಂದ ಆರೋಗ್ಯ ಕರ್ನಾಟಕ ಯೋಜನೆಯ ಆಸರೆಯಿದೆ. ಆದರೆ ಹಳ್ಳಿಯ ರೋಗಿ ಅಲ್ಲಿಗೆ ಸಕಾಲದಲ್ಲಿ ತಲುಪದಿದ್ದರೆ ಇವುಗಳಿಂದ ಫಲವೇನು? ರಕ್ತಸ್ರಾವವೆಂದು ಬಂದ ಯಾರನ್ನೂ ಪರೀಕ್ಷಿಸದೆ ಮುಲಾಮು ಕೊಟ್ಟು ಕಳುಹಿಸಕೂಡದೆಂಬ ಕಟ್ಟಳೆಯನ್ನು ಅಧಿಕಾರಿಗಳು ತಾಲ್ಲೂಕು ಆಸ್ಪತ್ರೆಗಳಲ್ಲಿ ಜಾರಿಗೆ ತರಬೇಕು; ಕಾರ್ಖಾನೆಗಳ ಮಾಲೀಕರು ಪರೀಕ್ಷೆಯ ದಿನದ ಕೂಲಿಯನ್ನು ಕಡಿಯಬಾರದು.

1938ರಲ್ಲಿ ಧ್ವಜದ ಮಾನಕ್ಕಾಗಿ ಗುಂಡಿಗೆ ಎದೆಯೊಡ್ಡಿದ ವಿದುರಾಶ್ವತ್ಥವು ಇದೇ ತಾಲ್ಲೂಕಿನದು. ಬಂದೂಕಿಗೆ ಅಂಜದವರ ಮಕ್ಕಳು ವೈದ್ಯರ ಮುಂದೆ ಬಾಯಿ ಬಿಡಲು ಅಂಜಬೇಕೆ?