ಲಸಿಕೆ ಮತ್ತು ಹಲಾಲ್: ಮುಸ್ಲಿಂ ಹಿರಿಯರ ಗಮನಕ್ಕೆ



ವಯಸ್ಸಾದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ, ದಮ್ಮು, ಹೃದಯದ ತೊಂದರೆ ಇರುವವರಿಗೆ ಫ್ಲೂ ಜ್ವರ ನ್ಯುಮೋನಿಯಾಕ್ಕೆ ತಿರುಗಿ ಪ್ರಾಣಕ್ಕೇ ಅಪಾಯವಾಗಬಹುದು. ಆದರೂ ಕೆಲವು ಹಿರಿಯರು, "ಲಸಿಕೆಯಲ್ಲಿ ಹಂದಿಯ ಅಂಶ ಇರುತ್ತದಂತೆ, ಬೇಡ" ಎನ್ನುತ್ತಾರೆ. ಜೀವನವಿಡೀ ಹಲಾಲ್ ಪಾಲಿಸಿದವರಿಗೆ ಈ ಸಂಶಯ ಸಹಜ. ಅದನ್ನು ಹಗುರವಾಗಿ ಕಾಣಬಾರದು.

ಸಂಶಯಕ್ಕೆ ಕಾರಣವೇನು?

ಕೆಲವು ಲಸಿಕೆಗಳು ಕೆಡದಿರಲೆಂದು ಜೆಲಾಟಿನ್ ಸೇರಿಸುತ್ತಾರೆ. ಇದನ್ನು ಪ್ರಾಣಿಗಳ ಚರ್ಮ, ಮೂಳೆಗಳಿಂದ ತಯಾರಿಸುತ್ತಾರೆ; ಹಂದಿಯಿಂದಲೂ ತೆಗೆಯುವುದುಂಟು. ಸರ್ಪಸುತ್ತಿನ ಹಳೆಯ ಲಸಿಕೆ ಜೋಸ್ಟಾವ್ಯಾಕ್ಸ್‌ನಲ್ಲಿ ಅದು ಇತ್ತು. ಹೊಸ ಲಸಿಕೆ ಶಿಂಗ್ರಿಕ್ಸ್‌ನಲ್ಲಿ ಇಲ್ಲ. ನ್ಯುಮೋನಿಯಾ ತಡೆಯುವ ಪ್ರಿವೆನಾರ್ 13ರಲ್ಲಿ ಇಲ್ಲ. 2021ರಿಂದ ನಮ್ಮ ದೇಶದಲ್ಲಿ ಕೋಟ್ಯಂತರ ಜನ ಪಡೆದ ಕೋವಿಶೀಲ್ಡ್, ಕೋವ್ಯಾಕ್ಸಿನ್‌ಗಳಲ್ಲಿಯೂ ಇರಲಿಲ್ಲ.

ಧರ್ಮ ಬಲ್ಲವರು ಏನೆನ್ನುತ್ತಾರೆ?

1995ರಲ್ಲಿ ಕುವೈತ್‌ನಲ್ಲಿ ಸೇರಿದ ಇಸ್ಲಾಂ ವಿದ್ವಾಂಸರು, ಜೆಲಾಟಿನ್ ಆಗುವಾಗ ಮೂಲ ವಸ್ತುವೇ ಬದಲಾಗುವುದರಿಂದ ಅದು ಶುದ್ಧವೆಂದರು. ಎಲ್ಲರೂ ಇದನ್ನು ಒಪ್ಪುವುದಿಲ್ಲ. 2018ರಲ್ಲಿ ಇಂಡೋನೇಷ್ಯಾದ ಉಲೇಮಾ ಮಂಡಳಿ ದಡಾರ-ರುಬೆಲ್ಲಾ ಲಸಿಕೆಯೊಂದನ್ನು ಹರಾಮ್ ಎಂದಿತು; ಆದರೆ ಬೇರೆ ಲಸಿಕೆ ಸಿಗದ ಕಾರಣ, ಜೀವರಕ್ಷಣೆಯ ಅಗತ್ಯಕ್ಕಾಗಿ ಅದನ್ನೇ ಬಳಸಲು ಅನುಮತಿಸಿತು. ಕೋವಿಡ್ ಲಸಿಕೆಯಲ್ಲಿ ಜೆಲಾಟಿನ್ ಇದ್ದರೂ ಪಡೆಯಬಹುದೆಂದು 2020ರ ಡಿಸೆಂಬರ್‌ನಲ್ಲಿ ಯುಎಇ ಫತ್ವಾ ಮಂಡಳಿ ಹೇಳಿತು. ದಾರಿ ಬೇರೆಯಾದರೂ ಮೂವರ ತೀರ್ಮಾನವೂ ಲಸಿಕೆಗೆ ಅಡ್ಡಿಯಾಗಲಿಲ್ಲ. ಹಜ್ ಯಾತ್ರಿಕರಿಗೆ ಸೌದಿ ಸರ್ಕಾರವೇ ಮೆದುಳು ಪೊರೆಯ ಜ್ವರದ ಲಸಿಕೆಯನ್ನು ಕಡ್ಡಾಯ ಮಾಡಿದೆ.

ನೀವು ಮಾಡಬೇಕಾದದ್ದು

* ಲಸಿಕೆಯ ಹೆಸರು ಕೇಳಿ ಬರೆದುಕೊಳ್ಳಿ. "ಇದರಲ್ಲಿ ಜೆಲಾಟಿನ್ ಇದೆಯೇ?" ಎಂದು ವೈದ್ಯರನ್ನು ಕೇಳಿ. ಪೆಟ್ಟಿಗೆಯೊಳಗಿನ ಚೀಟಿ ತೋರಿಸಲು ಹೇಳಿ. ಸಂಕೋಚ ಬೇಡ.
* ಇದ್ದರೆ, ಅದಿಲ್ಲದ ಬೇರೆ ಲಸಿಕೆ ಸಿಗುವುದೇ ಎಂದು ವಿಚಾರಿಸಿ.
* ಇನ್ನೂ ಸಂಶಯವಿದ್ದರೆ ಆ ಹೆಸರನ್ನು ನಿಮ್ಮ ಮೌಲ್ವಿಯವರಿಗೆ ತೋರಿಸಿ ಕೇಳಿ.
* ರಂಜಾನ್‌ನಲ್ಲಿ ತೋಳಿಗೆ ಚುಚ್ಚುವ ಲಸಿಕೆಯಿಂದ ರೋಜಾ ಮುರಿಯದೆಂದು ಅನೇಕ ವಿದ್ವಾಂಸರು ಹೇಳಿದ್ದಾರೆ. ಮನಸ್ಸು ಒಪ್ಪದಿದ್ದರೆ, ಇಫ್ತಾರ್ ನಂತರ ಪಡೆಯಲು ಆಗುವುದೇ ಎಂದು ಕೇಳಿ.

ಮನೆಯವರಿಗೊಂದು ಮಾತು: ಹಿರಿಯರಿಗೆ ಸುಳ್ಳು ಹೇಳಿ ಲಸಿಕೆ ಹಾಕಿಸಬೇಡಿ. ಒಮ್ಮೆ ನಂಬಿಕೆ ಹೋದರೆ ಮುಂದೆ ಬೇಕಾದ ಔಷಧಿಯನ್ನೂ ಅವರು ಒಪ್ಪಲಾರರು. ಇದ್ದುದನ್ನು ಇದ್ದಂತೆ ತಿಳಿಸಿ. ಆದರೆ ಕಾಯಿಲೆ ಬರುವವರೆಗೆ ಕಾಯಬೇಡಿ.