ಅಜ್ಜಿ ಕಾಣದ ಘಟ್ಟ

ಬಿಕರ್ನಕಟ್ಟೆಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತರೆ, ಗಾಳಿ ಅನುಕೂಲವಾದ ಇರುಳುಗಳಲ್ಲಿ ಪಡೀಲಿನ ಮಂಗಳೂರು ಜಂಕ್ಷನ್ ಕಡೆಯಿಂದ ರೈಲಿನ ಕೂಗು ತೇಲಿ ಬರುತ್ತದೆ. 2022ರ ದಸರಾ ರಜೆಗೆ ಮುಂಚೆ ಅದೇ ಜಗಲಿಯಲ್ಲಿ ನಮ್ಮ ಕುಟುಂಬದ ಮಹಾಸಭೆ ನೆರೆಯಿತು. ಬೆಟ್ಟದ ರೈಲಿನಲ್ಲಿ ಪ್ರಯಾಣ ಮಾಡಬೇಕೆಂಬ ವಿಷಯದಲ್ಲಿ ಎಲ್ಲರೂ ಒಮ್ಮತ. ಯಾವ ಬೆಟ್ಟವೆಂಬುದರಲ್ಲಿ ಮಾತ್ರ ತಲೆಗೊಂದು ಮತ!

ಮಗನದು ಊಟಿಯ ಪಕ್ಷ. ಅವನ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಮೆಟ್ಟುಪಾಳಯದಿಂದ ಊಟಿಗೆ 46 ಕಿಲೋಮೀಟರು. 1899ರಲ್ಲಿ ಕೂನೂರಿನವರೆಗೆ, 1908ರಲ್ಲಿ ಊಟಿಯವರೆಗೆ ತೆರೆದ ಈ ಹಾದಿ, ಅತಿ ಕಡಿದಾದಲ್ಲಿ ಹನ್ನೆರಡು ಅಡಿಗೆ ಒಂದಡಿಯಂತೆ ಏರುತ್ತದೆ. ಗಾಲಿ ಜಾರಬಾರದೆಂದು ಕಲ್ಲಾರಿನಿಂದ ಕೂನೂರಿನವರೆಗೆ ಕಂಬಿಗಳ ನಡುವೆ ಹಲ್ಲುಗಳುಳ್ಳ ಪಟ್ಟಿಯನ್ನು ಹಾಸಿದ್ದಾರೆ; ಇಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿಕೊಂಡು ಮೇಲೇರುತ್ತದೆ. 2005ರಲ್ಲಿ ಇದು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ಆದರೆ ನಾವು ಮೊದಲು ಕೊಯಮತ್ತೂರಿಗೆ ಹೋಗಿ, ಅಲ್ಲಿಂದ ಬೇರೆ ಗಾಡಿಯಲ್ಲಿ ಮೆಟ್ಟುಪಾಳಯ ಸೇರಿ, ಮತ್ತೆ ಮೂರನೆಯ ಗಾಡಿ ಹತ್ತಬೇಕು. ರಜೆಯ ದಿನಗಳಲ್ಲಿ ಆ ಪುಟ್ಟ ಗಾಡಿಯಲ್ಲಿ ಸ್ಥಳ ದೊರೆಯುವುದೂ ಸುಲಭವಲ್ಲ.

ಮಗಳದು ದೂಧಸಾಗರ. ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಿಂದ ಗೋವೆಯತ್ತ ಇಳಿಯುವ ರೈಲು, ಸುಮಾರು 310 ಮೀಟರು ಎತ್ತರದ ಜಲಪಾತದ ಎದೆಯ ಮೇಲೆಯೇ ಸಾಗುತ್ತದೆ. ಆದರೆ ಅಲ್ಲಿಗೂ ಮಡಗಾಂವಿನಲ್ಲಿ ಗಾಡಿ ಬದಲಿಸಬೇಕು. ಶಿಮ್ಲಾ, ಡಾರ್ಜಿಲಿಂಗುಗಳ ಹೆಸರೂ ಬಂದವು; ಹೋಗಿ ಬರುವುದರಲ್ಲೇ ರಜೆ ಮುಗಿಯುವುದೆಂದು ಅವನ್ನು ಕೈಬಿಟ್ಟೆವು.

ಅಷ್ಟು ಹೊತ್ತು ಸುಮ್ಮನೆ ಹೂ ಕಟ್ಟುತ್ತಿದ್ದ ನನ್ನ ತಾಯಿ ಬಾಯಿ ತೆರೆದರು. “ನನ್ನ ಮಂಡಿಗೆ ಮೂರು ಗಾಡಿ ಹತ್ತಿ ಇಳಿಯುವ ಶಕ್ತಿಯಿಲ್ಲ ಮಕ್ಕಳೇ, ನೀವು ಹೋಗಿ ಬನ್ನಿ. ಬೆಂಗಳೂರಿಗೆ ನಾನು ಎಷ್ಟು ಸಲ ರೈಲಿನಲ್ಲಿ ಹೋಗಿಲ್ಲ! ಪುತ್ತೂರು ದಾಟುವಾಗಲೇ ಕತ್ತಲೆ. ಕಣ್ಣು ಬಿಟ್ಟರೆ ಬೆಂಗಳೂರು. ನಡುವಿನ ಘಟ್ಟ ಹೇಗಿದೆಯೆಂದು ಈ ಕಣ್ಣು ಕಂಡಿಲ್ಲ.”

ಸಭೆ ಮೌನವಾಯಿತು. ನಮ್ಮಲ್ಲಿ ಯಾರೂ ಕಂಡಿರಲಿಲ್ಲ!

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ದಕ್ಷಿಣದಿಂದ. ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕೆಂದರೆ ಪಾಲಘಾಟನ್ನು ಸುತ್ತಬೇಕಾಗಿತ್ತು. ಹಾಸನದಿಂದ ನೇರವಾದ ಮೀಟರ್‌ಗೇಜ್ ಹಾದಿ ತೆರೆದದ್ದು 1979ರಲ್ಲಿ. ಹಳಿಯನ್ನು ಅಗಲಗೊಳಿಸಲು 1996ರಲ್ಲಿ ನಿಂತ ಸಂಚಾರ, ಪ್ರಯಾಣಿಕರ ಪಾಲಿಗೆ ಮರಳಿ ಆರಂಭವಾದುದು 2007ರ ಡಿಸೆಂಬರಿನಲ್ಲಿ. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರಕ್ಕೆ ಸುಮಾರು 55 ಕಿಲೋಮೀಟರು. ಅಷ್ಟರಲ್ಲೇ 57 ಸುರಂಗಗಳು. ಐವತ್ತು ಅಡಿಗೆ ಒಂದಡಿಯ ಏರು ಊಟಿಯ ಹಾದಿಯಷ್ಟು ಕಡಿದಲ್ಲ, ಹಲ್ಲುಪಟ್ಟಿಯೂ ಬೇಕಿಲ್ಲ; ಆದರೂ ಗಾಡಿ ತೆವಳುತ್ತ ಎರಡು ಗಂಟೆಗೂ ಮಿಕ್ಕಿ ಸಮಯ ತೆಗೆದುಕೊಳ್ಳುತ್ತದೆ.

ಹಾಗೆ ನಮ್ಮ ಆಯ್ಕೆ ತೀರ್ಮಾನವಾಯಿತು. ಯಶವಂತಪುರಕ್ಕೆ ಹೋಗುವ ಹಗಲು ಗಾಡಿಯನ್ನು ಜಂಕ್ಷನ್ನಿನಲ್ಲಿ ಹತ್ತಿದೆವು. ಮನೆಯಿಂದ ನಿಲ್ದಾಣಕ್ಕೆ ಆಟೋರಿಕ್ಷಾ, ಅಲ್ಲಿಂದ ಒಂದೇ ಗಾಡಿ. ಅಜ್ಜಿಯ ಮಂಡಿಗೂ ತಕರಾರಿರಲಿಲ್ಲ. 2021ರ ಜುಲೈಯಲ್ಲಿ ಈ ಹಾದಿಯ ಗಾಡಿಗಳಿಗೆ ಗಾಜಿನ ಮಾಡಿನ ವಿಸ್ಟಾಡೋಮ್ ಡಬ್ಬಿಗಳನ್ನು ಸೇರಿಸಿದ್ದರು. ದರ ಹೆಚ್ಚೆಂದು ನಾವು ಸಾಮಾನ್ಯ ಡಬ್ಬಿಯ ಕಿಟಕಿಗಳನ್ನೇ ಹಿಡಿದೆವು. ಕಾಣುವುದು ಅದೇ ಘಟ್ಟ. ಮೇಲಾಗಿ ಕಾಡಿನ ಗಾಳಿ ಪುಕ್ಕಟೆ!

ಸುಬ್ರಹ್ಮಣ್ಯ ರೋಡು ಬಿಟ್ಟ ಮೇಲೆ ಶಿರಿಬಾಗಿಲು, ಎಡಕುಮೇರಿ, ಕಡಗರವಳ್ಳಿ, ದೋಣಿಗಾಲ್: ಕಾಡಿನ ನಡುವಿನ ಒಂಟಿ ನಿಲ್ದಾಣಗಳು. ಸುರಂಗ ಬಂದಾಗಲೆಲ್ಲ ಮಕ್ಕಳ ಕೂಗು; ಕತ್ತಲೆ ಮುಗಿದೊಡನೆ ಸೇತುವೆ, ಕೆಳಗೆ ಆಳವಾದ ಕಣಿವೆ, ಬಂಡೆಯಿಂದ ಜಾರುವ ತೊರೆ. ಅಜ್ಜಿ ಸುರಂಗಗಳನ್ನು ಎಣಿಸತೊಡಗಿದರು. ಇಪ್ಪತ್ತಮೂರಕ್ಕೆ ಲೆಕ್ಕ ತಪ್ಪಿತು. ಆಮೇಲೆ ಎಣಿಸುವುದನ್ನು ಬಿಟ್ಟು ಸುಮ್ಮನೆ ನೋಡುತ್ತ ಕುಳಿತರು. ಸಂಜೆ ಸಕಲೇಶಪುರದಲ್ಲಿ ಇಳಿದು, ಬಿಸಿ ಕಾಫಿ ಕುಡಿದು, ಮರುದಿನ ಮಂಜರಾಬಾದಿನ ನಕ್ಷತ್ರಾಕಾರದ ಕೋಟೆಯನ್ನು ನೋಡಿ, ಶಿರಾಡಿ ಘಾಟಿನ ಬಸ್ಸಿನಲ್ಲಿ ಮರಳಿದೆವು.

ಹೊರಡಬಯಸುವ ಓದುಗರಿಗೆ ಎರಡು ಮಾತು. ದಸರಾ ರಜೆಯೇ ಪ್ರಶಸ್ತ. ಏಪ್ರಿಲ್, ಮೇಗಳಲ್ಲಿ ತೊರೆಗಳು ಬತ್ತಿರುತ್ತವೆ. ಮಳೆಗಾಲದ ಸೊಬಗು ದೊಡ್ಡದು, ಆದರೆ 2018ರ ಆಗಸ್ಟ್ ಮತ್ತು 2024ರ ಜುಲೈಯಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತಿತ್ತು. 2025ರಲ್ಲಿ ವಿದ್ಯುದೀಕರಣಕ್ಕಾಗಿ ಹಗಲು ಗಾಡಿಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದರು. ಆದುದರಿಂದ ವೇಳಾಪಟ್ಟಿಯನ್ನು ವಿಚಾರಿಸಿಯೇ ಟಿಕೆಟು ಕೊಳ್ಳಿರಿ. ಹಳಿಯ ಮೇಲೆ ನಡೆದು ನೋಡುವ ಸಾಹಸ ಮಾತ್ರ ಬೇಡ. ಅದು ನಿಷಿದ್ಧ, ಪ್ರಾಣಕ್ಕೂ ಅಪಾಯ.

ಊಟಿ ಮುಂದಿನ ರಜೆಗೆ ಉಳಿಯಿತೆಂದು ಮಗ ಇಂದಿಗೂ ನೆನಪಿಸುತ್ತಾನೆ. ಆದರೆ ನಡುರಾತ್ರಿ ಎಚ್ಚರವಾದಾಗ ಅಜ್ಜಿ ಗಡಿಯಾರ ನೋಡಿ ಹೇಳುವುದುಂಟು: “ಬೆಂಗಳೂರು ಗಾಡಿ ಈಗ ಎಡಕುಮೇರಿಯಲ್ಲಿರಬೇಕು. ಪಾಪ, ಎಲ್ಲರೂ ನಿದ್ದೆಯಲ್ಲಿರುತ್ತಾರೆ.”