ಕೈ ಜೋಮು ಮತ್ತು ನರಗಳ ಕರೆಂಟ್ ಪರೀಕ್ಷೆ

ಭತ್ತದ ನಾಟಿ, ಹತ್ತಿ ಬಿಡಿಸುವುದು, ರೊಟ್ಟಿ ಬಡಿಯುವುದು, ಹಟ್ಟಿ ಚಿನ್ನದ ಗಣಿಯಲ್ಲಿ ಡ್ರಿಲ್ ಹಿಡಿಯುವುದು: ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದ ಕಾಯಕಗಳೆಲ್ಲ ಕೈಯನ್ನೇ ನಂಬಿದಂಥವು. ಆ ಕೈಗೆ ಜೋಮು ಹಿಡಿದು ಹಿಡಿತ ಸಡಿಲಾದಾಗ ವೈದ್ಯರು ಕೆಲವರಿಗೆ ಎನ್.ಸಿ.ಎಸ್. ಮತ್ತು ಇ.ಎಂ.ಜಿ. ಎಂಬ ನರಗಳ ಪರೀಕ್ಷೆ ಬರೆದುಕೊಡುತ್ತಾರೆ. "ಕರೆಂಟ್ ಕೊಡುತ್ತಾರಂತೆ" ಎಂದು ಹೆದರಿ ಚೀಟಿ ಮಡಚಿಟ್ಟುಕೊಂಡು ಊರಿಗೆ ಹೋಗುವವರಿದ್ದಾರೆ. ಅಂಥವರು ಇದನ್ನು ಓದಬೇಕು, ಓದಲು ಬಾರದವರಿಗೆ ಜೊತೆಗಿದ್ದವರು ಓದಿ ಹೇಳಬೇಕು.

ಕೈಯ ಮೇಲೆ ಹಸಿರಾಗಿ ಕಾಣುವುದು ನರವಲ್ಲ, ರಕ್ತನಾಳ. ನರಗಳು ಕುತ್ತಿಗೆಯಿಂದ ಹೊರಟು, ಮೊಣಕೈ ದಾಟಿ, ಮುಂಗೈಯ ಮಾಂಸಖಂಡಗಳ ನಡುವೆ ಹಾದು ಬೆರಳಿಗೆ ಬರುತ್ತವೆ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಬಾರದಿದ್ದರೆ ಎಲ್ಲಿ ಕಟ್ಟಿಕೊಂಡಿದೆ ಎಂದು ಹುಡುಕುತ್ತ ಹೋಗುವುದಿಲ್ಲವೆ? ನರ ಅದುಮಿಕೊಂಡಿರುವುದು ಕುತ್ತಿಗೆಯಲ್ಲೋ, ಮೊಣಕೈಯಲ್ಲೋ, ಮುಂಗೈಯಲ್ಲೋ, ಮಣಿಕಟ್ಟಿನಲ್ಲೋ ಎಂಬುದನ್ನೂ ಹಾಗೆಯೇ ಹುಡುಕಬೇಕು. ಎಕ್ಸ್‌ರೇಯಲ್ಲಿ ನರ ಕಾಣುವುದಿಲ್ಲ. ಜಾಗ ತಿಳಿಯದೆ ಆಪರೇಷನ್ ಮಾಡಿದರೆ ಫಲವಿಲ್ಲ.

ಮೊದಲು ಚರ್ಮಕ್ಕೆ ಸಣ್ಣ ಪಟ್ಟಿಗಳನ್ನು ಅಂಟಿಸಿ ಕ್ಷಣಮಾತ್ರದ ಕರೆಂಟ್ ತಾಕಿಸುತ್ತಾರೆ. ಬೆರಳು ತಾನಾಗಿ ಕುಣಿಯುತ್ತದೆ. ಆರೋಗ್ಯವಂತರ ಮುಂಗೈಯಲ್ಲಿ ನರದ ಸಂದೇಶ ಸೆಕೆಂಡಿಗೆ ಸುಮಾರು 50 ಮೀಟರ್ ಅಥವಾ ಅದಕ್ಕೂ ವೇಗವಾಗಿ ಓಡುತ್ತದೆ. ಅದುಮಿದ ಕಡೆ ಈ ವೇಗ ಕುಗ್ಗುತ್ತದೆ. ನಂತರ ತೆಳುವಾದ ಸೂಜಿಯನ್ನು ಮಾಂಸಖಂಡಕ್ಕೆ ಚುಚ್ಚುತ್ತಾರೆ. ಅದರಲ್ಲಿ ಔಷಧವಿಲ್ಲ, ಅದರಿಂದ ಕರೆಂಟೂ ಹರಿಯದು. ನೋವೇ ಇಲ್ಲವೆಂದರೆ ಸುಳ್ಳಾದೀತು, ಆದರೆ ತಡೆಯುವಂಥದ್ದು. ಹೆಬ್ಬೆರಳು, ತೋರುಬೆರಳಿನ ತುದಿ ಕೂಡಿಸಿ ದುಂಡನೆಯ ಸೊನ್ನೆ ಮಾಡಲು ಬಾರದವರಲ್ಲಿ ಮುಂಗೈಯ ಆಳದ ನರ ಕೆಟ್ಟಿದೆಯೇ ಎಂದು ತಿಳಿಯಲು ಈ ಸೂಜಿ ಪರೀಕ್ಷೆಯೇ ಮುಖ್ಯ. ಪೆಟ್ಟು ಬಿದ್ದ ನರದ ಲಕ್ಷಣ ಸೂಜಿಗೆ ಸಿಗಲು ಎರಡು ಮೂರು ವಾರ ಬೇಕು. ಆದ್ದರಿಂದ "ಮೂರು ವಾರ ಬಿಟ್ಟು ಬನ್ನಿ" ಎಂದರೆ ಅದು ಅಲಕ್ಷ್ಯವಲ್ಲ.

ಉಪವಾಸ ಬೇಡ, ಉಂಡೇ ಬನ್ನಿ. ಕೈಗೆ ಎಣ್ಣೆ, ಮುಲಾಮು ಹಚ್ಚಬೇಡಿ. ಉಂಗುರ, ಕಡಗ, ಗಡಿಯಾರ ತೆಗೆಯಬೇಕಾಗುತ್ತದೆ. ಕೊರಳಲ್ಲಿರುವ ಇಷ್ಟಲಿಂಗವನ್ನು ತೆಗೆಯುವ ಅಗತ್ಯವಿಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ, ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆಯಿಂದಲೂ ನರ ಕೆಡುವುದರಿಂದ ಅದನ್ನೂ ತಿಳಿಸಿ.

ವರದಿ ನಾರ್ಮಲ್ ಬಂದರೆ ಬಂಧುಗಳು "ಕೆಲಸ ತಪ್ಪಿಸಲು ನೆಪ" ಎನ್ನಬಾರದು. ಮುಂಗೈಯಲ್ಲಿ ಅದುಮಿದ ನರ ಎಷ್ಟೋ ಸಲ ಈ ಪರೀಕ್ಷೆಗೆ ಸಿಕ್ಕುವುದೇ ಇಲ್ಲ. ನೋವು ನಿಜವೇ ಇರುತ್ತದೆ. ಆಗ ವೈದ್ಯರು ಕೈ ಮುಟ್ಟಿ, ತಿರುವಿ ನೋಡಿದ್ದರ ಮೇಲೆಯೇ ತೀರ್ಮಾನಿಸುತ್ತಾರೆ.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಕಿರುಬೆರಳ ಕಡೆ ಸ್ಪರ್ಶ ಹೋಗಿ, ಮೊಣಕೈ ಹಿಂದೆ ನರ ಹಗ್ಗದಂತೆ ದಪ್ಪಗಾಗಿ, ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆ ಇದ್ದರೆ ಅದು ಕುಷ್ಠರೋಗವಿರಬಹುದು. ನಾಚಿಕೆಯಿಂದ ಮಚ್ಚೆಯನ್ನು ಮರೆಮಾಡಬೇಡಿ, ವೈದ್ಯರಿಗೆ ತೋರಿಸಿ. ಅದಕ್ಕೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ ಮಾತ್ರೆಗಳಿವೆ. ಬೇಗ ಶುರು ಮಾಡಿದರೆ ಬೆರಳುಗಳು ಮುದುಡುವುದನ್ನು ತಡೆಯಬಹುದು.